ಗಿರಾಕಿಯ ಕೋಟು

ಮಗಳು ಪರದೇಶಕ್ಕೆ ಹೋಗುತ್ತಾಳಂತಲ್ಲ, ಯಾಕೆ ಎಂದು ಬೀದಿಯವರು ಕೇಳಿದರೆ ಆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಿದ್ದರು. ಅಲ್ಲಿ ಸಂಬಳ ಮೂರು ಪಟ್ಟು ಎಂದು ಅಜ್ಜಿ ಹೇಳುತ್ತಿದ್ದಳು. ಎದುರು ಮನೆಯ ನರ್ಸು ಕೇಳಿದರೆ ಅದು ನಾಲ್ಕು ಪಟ್ಟಾಗುತ್ತಿತ್ತು. ಇಲ್ಲೇನಿದೆ ಮಣ್ಣು ಎಂದು ಅಮ್ಮ ಮಾತು ಮುಗಿಸುತ್ತಿದ್ದಳು. ಅಪ್ಪ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತದೆ, ನಾಲ್ಕು ಜಾಗ ನೋಡಿಕೊಂಡು ಬರಲಿ ಬಿಡಿ ಎನ್ನುತ್ತಿದ್ದ. ಬೀದಿಯವರು ಹೌದೌದು ಎಂದು ತಲೆಯಾಡಿಸಿ, ರಸ್ತೆಯ ತಿರುವಿಗೆ ಹೋದ ಮೇಲೆ ತಮಗೆ ಗೊತ್ತಿದ್ದ ಕಾರಣ ಮಾತಾಡಿಕೊಳ್ಳುತ್ತಿದ್ದರು. ಹುಡುಗಿ ಗಿರಾಕಿಯ ಕೋಟು ಕದ್ದು ಹಾಕಿಕೊಂಡು ಮದುವೆಗೆ ಹೋಗಿ ಸಿಕ್ಕಿಬಿದ್ದಳಲ್ಲ, ಇನ್ನು ಇಲ್ಲಿ ಹೇಗೆ ತಲೆ ಎತ್ತಿ ತಿರುಗುತ್ತಾಳೆ, ಅದಕ್ಕೆ. ಇದೂ ಪೂರ್ತಿ ನಿಜವಲ್ಲ. ಪೂರ್ತಿ ನಿಜ ಗೊತ್ತಿದ್ದವರು ಆ ಮನೆಯೊಳಗೇ ಮೂವರಿದ್ದರು. ಗೊತ್ತಿಲ್ಲದವಳು ಅಮ್ಮ ಒಬ್ಬಳೇ.

ಮನೆಯ ಮುಂದಿನ ಕೋಣೆಯೇ ಲಾಂಡ್ರಿ. ಒಗೆದು ಇಸ್ತ್ರಿಯಾದ ಬಟ್ಟೆಗಳು ಗೋಡೆಯಿಂದ ಗೋಡೆಗೆ ಹಾಕಿದ ಕಬ್ಬಿಣದ ಸರಳಿನಲ್ಲಿ ನೇತಾಡುತ್ತವೆ, ಪ್ರತಿಯೊಂದರ ಕಾಲರಿಗೂ ಒಂದು ಚೀಟಿ. ಅಡಿಗೆಮನೆಗೆ ಹೋಗಬೇಕಾದರೆ ಕಂಡವರ ಶರ್ಟು ಪ್ಯಾಂಟುಗಳನ್ನು ಕೈಯಿಂದ ಸರಿಸಿಕೊಂಡೇ ಹೋಗಬೇಕು. ಹೀಗೆ ಬೇರೆಯವರ ಬಟ್ಟೆಯ ನಡುವೆ ಹುಟ್ಟಿ ಬೆಳೆದವರಿಗೆ ಒಮ್ಮೊಮ್ಮೆ ಒಂದನ್ನು ತೊಟ್ಟು ನೋಡುವ ಆಸೆ ಬಾರದೆ ಇರುತ್ತದೆಯೇ? ಅಜ್ಜಿಯ ಕಾಲದಿಂದಲೂ ಮನೆಯಲ್ಲಿ ಅದೊಂದು ನಡೆದುಬಂದಿತ್ತು. ಮದುವೆಗೋ ಫೋಟೋ ತೆಗೆಸುವುದಕ್ಕೋ ಅರ್ಧ ದಿನದ ಮಟ್ಟಿಗೆ ತೊಡುವುದು, ಬಂದು ಮತ್ತೆ ಒಗೆದು ಇಸ್ತ್ರಿ ಹಾಕಿ ಅದೇ ಜಾಗಕ್ಕೆ ನೇತುಹಾಕುವುದು. ಅದಕ್ಕೂ ನಿಯಮಗಳಿದ್ದವು. ಅಕ್ಕಪಕ್ಕದವರದು ಮುಟ್ಟಬಾರದು, ಅವಸರದ ಗಿರಾಕಿಯದು ಮುಟ್ಟಬಾರದು, ಊಟಕ್ಕೆ ಕೂತಾಗ ಎದೆಗೆ ಕರವಸ್ತ್ರ ಸಿಕ್ಕಿಸಿಕೊಳ್ಳಬೇಕು. ಎರಡು ಸಲ ಒಗೆದು ಒಂದು ಸಲದ ಕೂಲಿ ತಗೊಳ್ಳೋರು ನಾವು, ಇದರಲ್ಲಿ ಕಳ್ಳತನ ಎಲ್ಲಿ ಬಂತು ಎಂಬುದು ಅಜ್ಜಿಯ ವಾದ. ಎದುರು ವಾದಿಸುವವರಿಲ್ಲದ್ದರಿಂದ ಅದು ಗೆದ್ದುಕೊಂಡೇ ಬಂದಿತ್ತು.

ಗೆಲ್ಲದೆ ಹೋದದ್ದು ಅಮ್ಮ ಸೊಸೆಯಾಗಿ ಬಂದ ಮೇಲೆ. ಅಮ್ಮ ದರ್ಜಿಯ ಮಗಳು. ಅವಳ ತವರಿನಲ್ಲಿ ಗಿರಾಕಿಯ ಬಟ್ಟೆಯ ಚೂರು ಉಳಿದರೂ ಕರೆದು ವಾಪಸ್ಸು ಕೊಡುತ್ತಿದ್ದರು. ಮಗಳು ತೊಟ್ಟಿಲಲ್ಲಿದ್ದಾಗ ಒಂದು ದಿನ ಬ್ಯಾಂಕಿನ ಮ್ಯಾನೇಜರು ಅಂಗಡಿಗೆ ಬಂದವರು ಗೋಡೆಯ ಮೇಲಿನ ಅಪ್ಪ ಅಮ್ಮನ ಮದುವೆ ಫೋಟೋ ನೋಡುತ್ತ ನಿಂತುಬಿಟ್ಟರು. ನನ್ನ ಹತ್ತಿರವೂ ಇಂಥದೇ ಕೋಟಿದೆಯಲ್ಲ ಎಂದರು ಪಾಪ, ನಗುನಗುತ್ತಲೇ. ಅಮ್ಮ ಗಂಡನ ಮುಖ ನೋಡಿದಳು. ನೋಡಿದ ಮೇಲೆ ಕೇಳುವುದಕ್ಕೇನೂ ಉಳಿದಿರಲಿಲ್ಲ. ಅವತ್ತೇ ಫೋಟೋ ಟ್ರಂಕಿನ ತಳ ಸೇರಿತು. ಇನ್ನೊಂದು ಸಲ ಇಂಥದ್ದು ಕಂಡರೆ ಮಗು ಎತ್ತಿಕೊಂಡು ನಮ್ಮಪ್ಪನ ಮನೆಗೆ ಹೋದವಳು ತಿರುಗಿ ಬರುವುದಿಲ್ಲ ಎಂದಳು. ಅಪ್ಪ ಮಗುವಿನಾಣೆ ಇಟ್ಟ. ಇಟ್ಟ ಆಣೆಯನ್ನು ಮಗು ಬೆಳೆದು ಅಂಗಡಿಯ ಅರ್ಧ ಕೆಲಸ ತಾನೇ ಹೊರುವ ತನಕ ಉಳಿಸಿಕೊಂಡಿದ್ದ ಎನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ.

ತಪ್ಪಿದ್ದು ಚಿಕ್ಕಮ್ಮನ ಮಗನ ಮದುವೆಗೆ. ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಅವರ ಕಡೆ ದುಡ್ಡಿದೆ, ಬರುವ ನೆಂಟರೂ ಹಾಗೇ. ಚಳಿಗಾಲ. ಮಗಳಿಗಿದ್ದದ್ದು ಮೊಣಕೈ ಸವೆದ ಒಂದು ಸ್ವೆಟರು. ಇರೋದನ್ನೇ ಹಾಕ್ಕೊಂಡು ಹೋಗೋಣ, ನಮ್ಮನ್ನ ನೋಡೋಕೆ ಯಾರು ಬರ್ತಾರೆ ಎಂದು ಅಮ್ಮ ಬೇಗ ಹೊರಟು ತಂಗಿಗೆ ಸಹಾಯಕ್ಕೆ ಹೋದಳು. ಮಗಳು ಆ ಸ್ವೆಟರಿನ ಮೊಣಕೈಯನ್ನು ಕೈಯಿಂದ ಮುಚ್ಚಿಕೊಂಡು ಕನ್ನಡಿಯ ಮುಂದೆ ನಿಂತದ್ದನ್ನು ಅಪ್ಪ ನೋಡಿದ. ಅವನಿಗೆ ತಡೆಯಲಾಗಲಿಲ್ಲ. ಸರಳಿನಿಂದ ವಕೀಲಮ್ಮನ ನೀಲಿ ಕೋಟು ಇಳಿಸಿದ. ವಕೀಲಮ್ಮ ಊರಾಚೆಯ ಗಿರಾಕಿ, ಕೊಟ್ಟ ಬಟ್ಟೆಯನ್ನು ಮರೆತೇಬಿಡುವವರು.

"ಅಮ್ಮಂಗೆ ಗೊತ್ತಾದ್ರೆ?" ಎಂದಳು ಮಗಳು.

"ಸ್ನೇಹಿತೆ ಕೊಟ್ಳು ಅನ್ನು. ನಾನಿದೀನಲ್ಲ."

ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿದ್ದ ಅಜ್ಜಿ ಎಲ್ಲ ನೋಡಿದಳು. ಕೋಟು ಮೊಮ್ಮಗಳಿಗೆ ಹೇಳಿಮಾಡಿಸಿದಂತೆ ಕೂತಿತ್ತು. ಬೇಡ ಎನ್ನಲು ಬಾಯೇ ಬರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು.

ಚೀಟಿಯಲ್ಲಿ ಗಿರಾಕಿಯ ವಿಳಾಸ ಇರುತ್ತದೆ. ಗಿರಾಕಿ ಯಾರ ಮದುವೆಗೆ ಹೋಗುತ್ತಾರೆ ಎಂದು ಇರುವುದಿಲ್ಲ. ಮದುಮಗಳ ತಂದೆಯ ಕೇಸು ನಡೆಸಿ ಗೆದ್ದುಕೊಟ್ಟವರು ಆ ವಕೀಲಮ್ಮನೇ. ಊಟದ ಸಾಲಿನಲ್ಲಿ ಅವರು ಮಗಳ ಹಿಂದೆಯೇ ನಿಂತರು. ಕೋಟಿನ ಮೂರನೆಯ ಗುಂಡಿ ಉಳಿದವಕ್ಕಿಂತ ತುಸು ದಪ್ಪ. ಹಳೆಯದು ಬಿದ್ದುಹೋದಾಗ ಹೊಂದುವುದು ಸಿಗದೆ ಅಪ್ಪನೇ ಹೊಲಿದುಕೊಟ್ಟಿದ್ದ. ಹುಡುಗಿ ತಿರುಗಿದಾಗ ಅವರು ಆ ಗುಂಡಿಯನ್ನು ಬೆರಳಿನಿಂದ ಮುಟ್ಟಿ, ಇದು ನನ್ನ ಕೋಟಲ್ಲವೇ ಎಂದರು. ಗಟ್ಟಿಯಾಗಿ ಏನೂ ಅನ್ನಲಿಲ್ಲ. ಆದರೆ ಊಟದ ಸಾಲು, ಹಿಂದೆ ಮುಂದೆ ನೆಂಟರು. ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದುಕೊಂಡೇ ತಿರುಗಿದಳು. ಅಪ್ಪ ಮಗಳ ಪಕ್ಕದಲ್ಲೇ ನಿಂತಿದ್ದ. ವಕೀಲಮ್ಮನಿಗೆ ಅವನು ಅಷ್ಟು ಹೆದರಲಿಲ್ಲ. ಹೆದರಿದ್ದು ಸೌಟು ಹಿಡಿದ ಕೈಗೆ.

"ನಂಗೊತ್ತಿಲ್ಲ ಮೇಡಂ," ಎಂದ. "ಇವಳೇ ತೆಗೆದಿರಬೇಕು."

ಮಗಳು ಅವನ ಮುಖ ನೋಡಿದಳು. ಮುಂದೆ ಇನ್ನೇನಾದರೂ ಹೇಳುತ್ತಾನೇನೋ ಎಂದು ಕಾದಂತಿತ್ತು. ಹೇಳದಿದ್ದಾಗ ಒಂದೊಂದೇ ಗುಂಡಿ ಬಿಚ್ಚಿ, ಕೋಟನ್ನು ಅಂಗಡಿಯಲ್ಲಿ ಮಡಿಸುವಂತೆಯೇ ಒಳಪದರ ಹೊರಗೆ ಮಾಡಿ ಮಡಿಸಿ, ವಕೀಲಮ್ಮನ ಕೈಗೆ ಕೊಟ್ಟಳು. ಚಿಕ್ಕಮ್ಮ ಎಲ್ಲಿಂದಲೋ ಒಂದು ಶಾಲು ತಂದು ಹೊದಿಸಿದಳು. ಆ ಶಾಲಿನಿಂದಲೇ ಹೆಚ್ಚು ನೋವಾಗಿರಬೇಕು, ಏಕೆಂದರೆ ಹುಡುಗಿ ಅತ್ತದ್ದು ಆಗ.

ಮಾರನೆಯ ದಿನ ಅಮ್ಮ ಒಂದು ಸರಪಳಿ ತಂದಳು. ನೇತಾಡುವ ಬಟ್ಟೆಗಳ ಹ್ಯಾಂಗರಿನ ಕೊಕ್ಕೆಗಳೊಳಗಿಂದ ಅದನ್ನು ಹಾಯಿಸಿ ತುದಿಗೆ ಬೀಗ ಜಡಿದು, ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡಳು. ಯಾರಾದರೂ ಬಟ್ಟೆ ತೆಗೆದುಕೊಳ್ಳಲು ಬಂದರೆ, ಈಗ ಬೀಗ ನನ್ನ ಹತ್ತಿರ ಇದೆ, ನೀವೇನೂ ಯೋಚನೆ ಮಾಡಬೇಡಿ ಎಂದು ಅವಳೇ ಬಾಯಿಬಿಟ್ಟು ಹೇಳುತ್ತಿದ್ದಳು. ಮಗಳು ಎರಡು ಮೊಳ ದೂರದಲ್ಲಿ ನಿಂತು ಕಲೆ ಉಜ್ಜುತ್ತಿರುತ್ತಿದ್ದಳು. ಕೆಲವರು ಇದ್ದ ಬಟ್ಟೆ ತೆಗೆದುಕೊಂಡು ಹೋದವರು ಮತ್ತೆ ಬರಲಿಲ್ಲ. ಬಂದವರು ಹುಡುಗಿ ಏನು ತೊಟ್ಟಿದ್ದಾಳೆ ಎಂದು ಮೇಲಿಂದ ಕೆಳಗೆ ನೋಡುತ್ತಿದ್ದರು.

ಊಟದ ಹೊತ್ತು ಇನ್ನೂ ಕಷ್ಟ. ಅಮ್ಮ ತಟ್ಟೆಗೆ ಅನ್ನ ಹಾಕುವಾಗ ಮೊದಲು ಮಗಳಿಗೇ ಹಾಕುತ್ತಿದ್ದಳು, ಅದೊಂದು ತಪ್ಪಲಿಲ್ಲ. ಹಾಕುತ್ತ ಹಾಕುತ್ತ ಬೈಯುತ್ತಿದ್ದಳು. ನಿನಗೇನು ಕಡಿಮೆ ಮಾಡಿದ್ದೆವು, ಬೇಕು ಅಂದಿದ್ದರೆ ಹೇಗೋ ಹೊಂದಿಸಿ ತರುತ್ತಿರಲಿಲ್ಲವೇ, ನಿಮ್ಮಪ್ಪ ಯಾವ ಕಾಲದಲ್ಲೋ ಬಿಟ್ಟ ಬುದ್ಧಿ ನಿನಗೆ ಎಲ್ಲಿಂದ ಬಂತು. ಈ ಕೊನೆಯ ಮಾತು ಬಂದಾಗಲೆಲ್ಲ ಅಪ್ಪ ಉಪ್ಪಿನ ಡಬ್ಬಿಗೆ ಕೈ ಚಾಚುತ್ತಿದ್ದ. ಆ ದಿನಗಳಲ್ಲಿ ಅವನು ತಿಂದಷ್ಟು ಉಪ್ಪನ್ನು ಬೇರೆ ಯಾರೂ ತಿಂದಿರಲಾರರು. ಮಗಳು ಉಂಡು, ತಟ್ಟೆ ತೊಳೆದಿಟ್ಟು, ಒದ್ದೆ ಬಟ್ಟೆ ಹಿಂಡಲು ಹಿತ್ತಲಿಗೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಅಜ್ಜಿ ಮಗನನ್ನು ಹಿಡಿದಳು.

"ಲೋ, ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಅಮ್ಮ, ಕೈಮುಗೀತೀನಿ. ಅವಳು ಬಿಟ್ಟು ಹೋಗ್ತಾಳೆ."

"ಕೂಸಿನ ಮುಖ ನೋಡೋಕಾಗ್ತಿಲ್ಲ ಕಣೋ."

"ಸ್ವಲ್ಪ ದಿನ ಹೋಗ್ಲಿ. ತಣ್ಣಗಾದ್ಮೇಲೆ ನಾನೇ ಹೇಳ್ತೀನಿ."

ಅಜ್ಜಿ ಸುಮ್ಮನಾದಳು. ಮಗ ಅಂತ ಸುಮ್ಮನಾದಳು, ಅದೇನೂ ದೊಡ್ಡ ಗುಟ್ಟಲ್ಲ. ಇದನ್ನೆಲ್ಲ ಮನೆಯಲ್ಲಿ ಶುರುಮಾಡಿದವಳು ತಾನೇ ಎಂಬುದೂ ಅವಳಿಗೆ ನೆನಪಿತ್ತು. ಅವತ್ತಿನಿಂದ ಮೊಮ್ಮಗಳ ಪಾಲಿನ ಪಾತ್ರೆಯನ್ನೂ ಅವಳೇ ಉಜ್ಜತೊಡಗಿದಳು. ಅದರಿಂದ ಯಾರಿಗೇನು ಬಂತು?

ತಣ್ಣಗಾಗಲಿಲ್ಲ. ಅಷ್ಟರಲ್ಲಿ ಒಗೆಯುವ ಮೆಷಿನ್ನು ಕೆಟ್ಟು ರಿಪೇರಿಯವನು ಬಂದ. ಅವನ ಅತ್ತಿಗೆ ಪರದೇಶದ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಕಲೆ ತೆಗೆಯುವುದು ಬಲ್ಲವರು ಅಲ್ಲಿಗೆ ಬೇಕಾಗಿದ್ದಾರೆ, ವಿಮಾನದ ಖರ್ಚೂ ಅವರದೇ ಎಂದು ಅವನು ಸ್ಪ್ಯಾನರು ಹಿಡಿದುಕೊಂಡು ಸುಮ್ಮನೆ ಮಾತಿಗೆ ಹೇಳಿದ. ಯಾರಿಗೆ ಹೇಳಬೇಕು ಅದನ್ನು ಎಂದು ಮಗಳು ಕೇಳಿದಳು. ಚಿಕ್ಕಮ್ಮನ ಮನೆಯ ಮದುವೆಯಿಂದ ಬಂದ ಮೇಲೆ ಆ ಮನೆಯಲ್ಲಿ ಅವಳಾಗಿ ಆಡಿದ ಮೊದಲ ಮಾತು ಅದು.

ಫೋನಿನಲ್ಲಿ ಮುಖ ನೋಡಿ ಮಾತಾಡುತ್ತಾರೆ, ನಮ್ಮ ದೇಶಕ್ಕೆ ಯಾಕೆ ಬರುತ್ತೀ ಎಂದು ಖಂಡಿತ ಕೇಳುತ್ತಾರೆ, ಉತ್ತರ ತಯಾರಿಟ್ಟುಕೊಳ್ಳಿ ಎಂದು ರಿಪೇರಿಯವನು ಹೇಳಿಹೋಗಿದ್ದ. ಊಟಕ್ಕೆ ಕೂತಾಗ ಅದರ ಅಭ್ಯಾಸ ನಡೆಯಿತು. ನಿಮ್ಮ ದೇಶ ಬಹಳ ಚೆನ್ನಾಗಿದೆಯಂತೆ ಅನ್ನು ಎಂದಳು ಅಜ್ಜಿ. ನೋಡದೆ ಚೆನ್ನಾಗಿದೆ ಅಂದರೆ ನಂಬುತ್ತಾರೆಯೇ, ಕೆಲಸ ಕಲಿಯೋಕೆ ಅನ್ನಲಿ ಎಂದಳು ಅಮ್ಮ. ಕೆಲಸ ಬರುತ್ತೆ ಅಂತಲೇ ಕರೆಯುತ್ತಿರುವುದು, ಕಲಿಯೋಕೆ ಅಂದರೆ ಕೆಲಸ ಬರಲ್ಲ ಅಂದುಕೊಳ್ಳುತ್ತಾರೆ ಎಂದು ಅಜ್ಜಿ ವಾದ ಹೂಡಿದಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡುತ್ತಿದ್ದರು, ಕೇಳಲು ಹಿತವಾಗಿತ್ತು.

"ಅಪ್ಪ, ನೀನು ಹೇಳು," ಎಂದಳು ಮಗಳು. "ನಾನ್ಯಾಕೆ ಹೋಗ್ತೀನಿ ಅಂತ ಹೇಳ್ಲಿ?"

ಅಪ್ಪನ ಬಾಯಲ್ಲಿ ರೊಟ್ಟಿಯ ತುಂಡಿತ್ತು. ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಗಿದ. ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಅಮ್ಮನ ಕೋಪವೂ ಸ್ವಲ್ಪ ಇಳಿದಿತ್ತು. ಅವನು ನುಂಗಿ, ಸಂಬಳ ಅನ್ನು ಎಂದ. ಮಗಳು ತಲೆಯಾಡಿಸಿ ಊಟ ಮುಂದುವರಿಸಿದಳು.

ಫೋನಿನ ಆ ಕಡೆ ಒಬ್ಬ ದಪ್ಪಗಾಜಿನ ಕನ್ನಡಕದ ಹೆಂಗಸು, ಪಕ್ಕದಲ್ಲಿ ಮಾತು ತಿಳಿಸಿಕೊಡಲು ರಿಪೇರಿಯವನ ಅತ್ತಿಗೆ. ಎಣ್ಣೆಯ ಕಲೆಗೆ ಏನು ಮಾಡುತ್ತೀ, ರಕ್ತದ ಕಲೆಗೆ ಏನು ಮಾಡುತ್ತೀ ಎಂದೆಲ್ಲ ಕೇಳಿ ಮುಗಿಸಿ, ಕೊನೆಗೆ ಆ ಪ್ರಶ್ನೆಯನ್ನೂ ಕೇಳಿದಳು. ಸರಳಿನ ಬಟ್ಟೆಗಳ ಹಿಂದೆ ಉಳಿದ ಮೂವರೂ ಕಿವಿಗೊಟ್ಟು ನಿಂತಿದ್ದರು.

"ಅಲ್ಲಿ ಕೆಲಸದವರಿಗೆಲ್ಲ ಹೋಟೆಲಿನವರೇ ಬಟ್ಟೆ ಕೊಡ್ತಾರಂತೆ," ಎಂದಳು ಮಗಳು. "ಎಲ್ಲರಿಗೂ ಒಂದೇ ತರದ್ದು. ಅದಕ್ಕೆ."

ಆ ಹೆಂಗಸು ನಕ್ಕುಬಿಟ್ಟಳು, ಕೆಲಸವನ್ನೂ ಕೊಟ್ಟಳು. ಬಟ್ಟೆಗಳ ಹಿಂದೆ ಯಾರೂ ನಗಲಿಲ್ಲ. ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ಮಾಡಿದ್ದಕ್ಕೆ ಈಗಲಾದರೂ ನಾಚಿಕೆಯಾಗಿದೆಯಲ್ಲ ಎಂದಳು. ಅಪ್ಪ ಅಲ್ಲಿ ನಿಲ್ಲಲಾರದೆ ಬಟ್ಟೆ ಅದ್ದಿದ ನೀಲಿಯ ನೀರು ಚೆಲ್ಲಿ ಬರುತ್ತೇನೆಂದು ಬಕೆಟ್ಟು ಎತ್ತಿಕೊಂಡು ಹೊರಗೆ ಹೋದ.

ಅದಾದ ಮೇಲೆ ಒಂದು ಮಧ್ಯಾಹ್ನ ಅವನು ಯಾರಿಗೂ ಹೇಳದೆ ವಕೀಲಮ್ಮನ ಮನೆಗೆ ಹೋದ. ಎಲ್ಲಾದರೂ ಒಂದು ಕಡೆ ಹೇಳಿಬಿಡದಿದ್ದರೆ ಎದೆ ಒಡೆದುಹೋಗುತ್ತದೆ ಅನ್ನಿಸಿತ್ತು ಅವನಿಗೆ. ಮುಂದಿನ ಕೋಣೆಯ ಬೆಂಚಿನ ಮೇಲೆ ಕಕ್ಷಿದಾರರ ಜೊತೆ ಕೂತು, ಸರದಿ ಬಂದಾಗ ಒಳಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದ. ಕೋಟು ಇಳಿಸಿದವನು ತಾನು, ತೊಡಿಸಿದವನು ತಾನು, ಸುಳ್ಳು ಹೇಳಿದವನೂ ತಾನು, ಅದಕ್ಕೇ ಮಗಳು ಪರದೇಶಕ್ಕೆ ಹೊರಟಿದ್ದು. ವಕೀಲಮ್ಮ ಪೆನ್ನಿನ ಮುಚ್ಚಳ ಹಾಕಿ ಕೇಳಿಸಿಕೊಂಡರು.

"ಇದನ್ನ ನನಗ್ಯಾಕೆ ಹೇಳ್ತೀರಿ? ನನ್ನ ಕೋಟು ನನಗೆ ಬಂತಲ್ಲ. ಮನೇಲಿ ಹೇಳಿದ್ರಾ?"

ಹೇಳುತ್ತೇನೆ ಎಂದ ಅಪ್ಪ. ಅವರು ಒಳಗೆ ಹೋಗಿ ಆ ಕೋಟನ್ನೇ ತಂದರು. ಅವತ್ತಿನಿಂದ ಇದನ್ನು ಹಾಕಲು ಮನಸ್ಸೇ ಬಂದಿಲ್ಲ, ಅಷ್ಟು ಜನರ ಮುಂದೆ ನಾನೂ ಕೇಳಬಾರದಿತ್ತು ಎಂದರು. ಹುಡುಗಿ ಹೋಗುವ ದೇಶದಲ್ಲಿ ಚಳಿ ಜಾಸ್ತಿಯಂತೆ, ಅವಳಿಗೇ ಕೊಡಿ ಎಂದರು. ಬೇಡವೆನ್ನಲೂ ಆಗದೆ ತೆಗೆದುಕೊಂಡು ಹೊರಟ. ದಾರಿಯಲ್ಲಿ ಹೆಜ್ಜೆ ಹಗುರವಾಗಿತ್ತು. ಶಿಕ್ಷೆ ಸಿಗದ ಕಡೆ ಹೋಗಿ ತಪ್ಪೊಪ್ಪಿಕೊಂಡವನಿಗೆ ಹಗುರವಾಗದೆ ಇನ್ನೇನಾಗುತ್ತದೆ? ಈ ಭರದಲ್ಲೇ ಮನೆಯಲ್ಲೂ ಹೇಳಿಬಿಡುತ್ತೇನೆ ಎಂದುಕೊಂಡ.

ಅಂಗಡಿಯಲ್ಲಿ ಅಮ್ಮ ಕೂತಿದ್ದಳು. ಕೋಟು ಕಂಡದ್ದೇ ಅವಳ ಮುಖ ಗಂಟಾಯಿತು.

"ಇದ್ಯಾಕೆ ಬಂತು ಮತ್ತೆ?"

ಅಪ್ಪ ಬಾಯಿ ತೆರೆದ.

"ಒಗೆಯೋಕೆ," ಎಂದ.

ಅಜ್ಜಿ ಸ್ಟೂಲಿನ ಮೇಲೆ ಕಣ್ಣು ಮುಚ್ಚಿಕೊಂಡಳು. ಅಮ್ಮ, ಇಷ್ಟೆಲ್ಲ ಆದರೂ ಆ ಪುಣ್ಯಾತ್ಗಿತ್ತಿ ನಮ್ಮ ಅಂಗಡಿಗೇ ಕೊಡುತ್ತಾಳಲ್ಲ ಎಂದು ಚೀಟಿ ಬರೆದು ಕಾಲರಿಗೆ ಪಿನ್ನು ಚುಚ್ಚಿದಳು. ಮಗಳು ಬಂದು ಕೋಟು ತೆಗೆದುಕೊಂಡು, ಕೆಲಸದ ರೂಢಿಯಂತೆ ಜೇಬುಗಳೊಳಗೆ ಕೈಹಾಕಿ ನೋಡಿದಳು. ಬಟ್ಟೆ ಕೊಳೆಯಾಗಿರಲಿಲ್ಲ. ಅವಳು ಅಪ್ಪನನ್ನು ನೋಡಿ, ಯಾವಾಗ ಬೇಕಂತೆ ಎಂದು ಕೇಳಿದಳು. ಅವಸರವಿಲ್ಲವಂತೆ ಎಂದ ಅಪ್ಪ. ಅವಳು ಅದನ್ನು ಒಗೆದು, ಇಸ್ತ್ರಿ ಹಾಕಿ, ಅಮ್ಮನಿಂದ ಬೀಗ ತೆಗೆಸಿ ಸರಳಿಗೆ ಹಾಕಿದಳು.

ಹೊರಡುವ ಹಿಂದಿನ ದಿನ ವಕೀಲಮ್ಮ ತಮ್ಮ ಕಪ್ಪು ಗೌನುಗಳನ್ನು ಒಗೆಯಲು ಕೊಡಲು ಬಂದರು. ಮಗಳು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ವಕೀಲಮ್ಮನ ಕಣ್ಣು ಸರಳಿನ ಮೇಲೆ ಹೋಯಿತು.

"ಇದಿನ್ನೂ ಇಲ್ಲೇ ಇದೆಯಲ್ಲ. ಪೆಟ್ಟಿಗೆಗೆ ಹಾಕ್ಕೊಳ್ಲಿಲ್ವಾ?"

ನಿಮ್ಮದೇ ಮೇಡಂ, ಒಗೆದು ಇಟ್ಟಿದ್ದೇವೆ ಎಂದಳು ಅಮ್ಮ.

"ನಂದಲ್ಲಮ್ಮ, ಇವಳಿಗೆ ಅಂತ ಕೊಟ್ಟಿದ್ದು. ನಿಮ್ಮ ಯಜಮಾನ್ರು ಬಂದು ಎಲ್ಲ ಹೇಳಿದ್ರಲ್ಲ, ಕೋಟು ತಾವೇ ತೆಗೆದುಕೊಟ್ಟಿದ್ದು ಅಂತ. ನಿಮಗೆ..."

ಅಲ್ಲಿಗೆ ನಿಲ್ಲಿಸಿದರು. ಎದುರಿಗಿದ್ದ ನಾಲ್ಕು ಮುಖ ನೋಡಿ ಅವರಿಗೆ ಎಲ್ಲ ತಿಳಿಯಿತು. ಗೌನುಗಳನ್ನು ಮೇಜಿನ ಮೇಲಿಟ್ಟು, ಚೀಟಿಯನ್ನೂ ಕೇಳದೆ ಹೊರಟುಹೋದರು.

ಅಮ್ಮ ಎದ್ದು ಅಂಗಡಿಯ ಬಾಗಿಲು ಎಳೆದುಕೊಂಡಳು. ಗಂಡನ ಕಡೆ ತಿರುಗಲೂ ಇಲ್ಲ. ಮಗಳ ಮುಂದೆ ನೆಲದ ಮೇಲೆ ಕೂತಳು.

"ನಿಂಗೇನಾಗಿತ್ತೇ? ಇಷ್ಟು ದಿನ ಬೈದೆನಲ್ಲ, ಬಂದವರ ಮುಂದೆಲ್ಲ ಬೈದೆ. ಒಂದು ಮಾತು ಹೇಳೋಕಾಗ್ಲಿಲ್ವಾ ನನಗೆ?"

ಮಗಳು ಹಗ್ಗದ ಗಂಟು ಬಿಗಿ ಮಾಡಿದಳು.

"ಕಳ್ಳಿ ನಾನಾದ್ರೆ ನಾನು ಬೇರೆ ದೇಶಕ್ಕೆ ಹೋಗಬಹುದಮ್ಮ. ಕಳ್ಳ ಅಪ್ಪ ಆದ್ರೆ ಅವನೆಲ್ಲಿಗೆ ಹೋಗ್ತಾನೆ?"

ಅಮ್ಮ ಮಗಳ ಮಂಡಿಗೆ ಹಣೆ ಒತ್ತಿಕೊಂಡು ಅತ್ತಳು. ಕೊರಳಿನ ಬೀಗದ ಕೈಯನ್ನು ಕಿತ್ತು ಮಗಳ ಕೈಗಿಡಲು ಹೋದಳು; ನನಗ್ಯಾಕಮ್ಮ ಈಗ, ಅಜ್ಜಿ ಹತ್ತಿರ ಇರಲಿ ಎಂದಳು ಅವಳು. ಅಪ್ಪ ಇಸ್ತ್ರಿ ಮೇಜಿನ ಅಂಚು ಹಿಡಿದು ನಿಂತಿದ್ದ. ಹೋಗಬೇಡ ಅನ್ನು ಅವಳಿಗೆ ಎಂದು ಹೆಂಡತಿಗೆ ಹೇಳಿದ. ಅದನ್ನೂ ಹೆಂಡತಿಯ ಬಾಯಲ್ಲೇ ಹೇಳಿಸಬೇಕಾಗಿತ್ತು ಅವನಿಗೆ. ಅಮ್ಮ ತಲೆ ಎತ್ತಿ, ನನ್ನ ಕೈಲೇ ನನ್ನ ಮಗಳನ್ನ ಕಳ್ಳಿ ಅನ್ನಿಸಿದ್ರಿ ಎಂದಳು, ಅಷ್ಟೇ. ತವರಿಗೆ ಹೋಗುತ್ತೇನೆಂದು ಹೆದರಿಸಲಿಲ್ಲ, ಕೂಗಾಡಲಿಲ್ಲ. ಅವನು ಇಷ್ಟು ದಿನ ಹೆದರಿ ಸಾಯುತ್ತಿದ್ದ ಕೋಪ ಅವಳಲ್ಲಿ ಉಳಿದೇ ಇರಲಿಲ್ಲ. ಅಷ್ಟನ್ನೂ ಮಗಳ ಮೇಲೆ ಖರ್ಚು ಮಾಡಿಬಿಟ್ಟಿದ್ದಳು. ಅದನ್ನು ನೆನೆದು ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಬೆಳಿಗ್ಗೆ ರಿಪೇರಿಯವನು ವ್ಯಾನು ತಂದ. ಮಗಳು ಹಳೆಯ ಸ್ವೆಟರನ್ನೇ ಹಾಕಿಕೊಂಡು ಬಂದಳು, ಮೊಣಕೈಗೆ ಅಮ್ಮ ಆಗಷ್ಟೇ ತೇಪೆ ಹಾಕಿದ್ದಳು. ಅಪ್ಪನೂ ಹತ್ತಲು ಹೋದಾಗ, ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎಂದು ಆಗಲೇ ಒಳಗೆ ಕೂತಿದ್ದ ಅಮ್ಮ ವ್ಯಾನಿನ ಬಾಗಿಲು ಎಳೆದುಕೊಂಡಳು. ಮಗಳು ಕಿಟಕಿಯಿಂದ, ಬರ್ತೀನಪ್ಪ ಎಂದಳು. ಹೇಳಬೇಕಾದ ಮಾತನ್ನು ಅವನು ಹಾಸಿಗೆಯಲ್ಲೇ ಜೋಡಿಸಿಟ್ಟುಕೊಂಡಿದ್ದ. ಬಾಯಿಗೆ ಬಂದದ್ದು, ಸರಿಯಾಗಿ ಊಟ ಮಾಡು. ವ್ಯಾನು ಹೊರಟಿತು.

ಮೊದಲು ಬಂದ ಗಿರಾಕಿ ಬೇಕರಿಯವನು, ತನ್ನ ಏಪ್ರನ್ನುಗಳಿಗೆ. ಮಗಳು ಹೊರಟಳಂತಲ್ಲ, ಒಳ್ಳೆಯದಾಯಿತು ಬಿಡಿ, ಸಂಬಳವಾದರೂ ಚೆನ್ನಾಗಿರುತ್ತದೆ ಎಂದ.

"ಸಂಬಳಕ್ಕೆ ಹೋಗ್ಲಿಲ್ಲ ಅವಳು," ಎಂದ ಅಪ್ಪ. "ಆ ಕೋಟು ತೆಗೆದುಕೊಟ್ಟಿದ್ದು ನಾನು. ಎಲ್ಲರ ಮುಂದೆ ಅವಳ ಮೇಲೆ ಹಾಕಿದೆ. ಅದಕ್ಕೆ ಹೋದ್ಲು."

ಬೇಕರಿಯವನು ಏಪ್ರನ್ನಿನ ಮಡಿಕೆ ಬಿಚ್ಚಿ ನೋಡಿ, ಚೆನ್ನಾಗಿ ಬಂದಿದೆ ಎಂದು ಹೋದ. ಆಮೇಲೆ ನರ್ಸು ಬಂದಳು, ಅವಳಿಗೂ ಹೇಳಿದ. ಬಸ್ಸಿನ ಡ್ರೈವರಿಗೆ ಹೇಳಿದ. ಅವನೇನೂ ಕೇಳಿರಲಿಲ್ಲ, ಶರ್ಟು ಕೊಡಿ ಎಂದಿದ್ದ ಅಷ್ಟೇ. ಅಜ್ಜಿ ಕೇಳುವಷ್ಟು ಕೇಳಿ ಸ್ಟೂಲು ಬಿಟ್ಟು ಒಳಗೆ ಹೋದಳು.

ಅಮ್ಮ ವಾಪಸ್ಸು ಬಂದಾಗ ಶಾಲೆಯ ಮೇಷ್ಟ್ರಿಗೆ ಹೇಳುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ಮೇಷ್ಟ್ರು ತಲೆ ತಗ್ಗಿಸಿಕೊಂಡು ಹೋದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಎಷ್ಟು ಜನಕ್ಕೆ ಹೇಳಿದ್ರಿ?"

"ಬಂದವರಿಗೆಲ್ಲ."

"ಬೆಳಿಗ್ಗೆ ಅವಳಿಗೆ ಹೇಳಿದ್ರೆ ಆಗ್ತಿತ್ತು. ಏರ್‌ಪೋರ್ಟಿನ ಒಳಗೆ ಹೋಗೋ ತನಕ ಕೇಳ್ತಾನೇ ಇದ್ಲು, ಅಪ್ಪ ನಿನ್ನ ಹತ್ರ ಏನಾದ್ರೂ ಹೇಳಿದ್ನಾಮ್ಮ ಅಂತ."

"ನೀನೇನಂದೆ?"

"ಹೇಳಿದ್ರು ಅಂದೆ. ಸುಳ್ಳು ಹೇಳಿ ಕಳಿಸಿದೆ." ಅಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತಳು. "ಈಗ ಹೇಳಿ. ನಾನಾದ್ರೂ ಕೇಳ್ತೀನಿ."

ಅಪ್ಪ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಅವಳ ಎದುರಿಗೆ ಬಂದು ನಿಂತ. ಬೆಳಗಿನಿಂದ ಬೀದಿಯವರಿಗೆಲ್ಲ ಹೇಳಿದ ಮಾತದು, ಬಾಯಿಪಾಠವಾಗಿತ್ತು. ಅವನು ಬಾಯಿ ತೆರೆದ, ಮುಚ್ಚಿದ. ಮತ್ತೆ ಯಾರಾದರೂ ಗಿರಾಕಿ ಬರುತ್ತಾರೇನೋ ಎಂದು ಬೀದಿಯ ಕಡೆ ನೋಡಿದ.